ಆಯಮ್ಮ ಒಪ್ಪಿಸಿದ ಮುಖ

ಬಟ್ಟೆ ಕಾರ್ಖಾನೆಯ ಹಿಂಬದಿಗೆ, ನೀರಿನ ಟ್ಯಾಂಕಿಗೆ ಅಂಟಿಕೊಂಡ ಹಾಗೆ ಒಂದು ಕೋಣೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ಅಲ್ಲಿ ಆಯಮ್ಮನದೇ ದರಬಾರು. ಬೆಳಿಗ್ಗೆ ಸೈರನ್ ಕೂಗುವ ಮುಂಚೆ ತಾಯಂದಿರು ಓಡೋಡಿ ಬಂದು ಮಕ್ಕಳನ್ನು ಅವಳ ಕೈಗೆ ಹಾಕಿ, ಹಿಂದೆ ತಿರುಗಿ ನೋಡದೆ ಹೋಗಬೇಕು. ತಿರುಗಿ ನೋಡಿದರೆ ಕೂಸು ಬಾಯಿ ಬಿಡುತ್ತದೆ, ಕೂಸು ಬಾಯಿ ಬಿಟ್ಟರೆ ಕಾಲು ಏಳುವುದಿಲ್ಲ, ತಡವಾದರೆ ಸೂಪರ್‌ವೈಸರ್ ಎಲ್ಲರೆದುರು ಮಾನ ಕಳೆಯುತ್ತಾನೆ. ಅದಕ್ಕೆ ಆಯಮ್ಮನೇ ಅವರ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿದ್ದಳು. "ಹೋಗ್ರೇ, ಹೋಗಿ. ನಿಮ್ಮ ಮಕ್ಕಳನ್ನ ನಾನೇನು ನುಂಗಿಬಿಡಲ್ಲ."

ಬಾಯಿ ಜೋರು ಅವಳದು, ಕೈ ಅದಕ್ಕಿಂತ ಜೋರು. ಉಚ್ಚೆ ಬಟ್ಟೆ ಒಗೆಯುತ್ತಲೇ ಒಂದು ಮಗುವಿನ ಸಿಂಬಳ ತೆಗೆದು, ಇನ್ನೊಂದರ ಬಾಯಿಂದ ಚಾಕ್‌ಪೀಸ್ ಕಿತ್ತು, ಮೂಲೆಯಲ್ಲಿ ಜಗಳಕ್ಕೆ ಬಿದ್ದವರನ್ನು ಗದರಿಸಿ ಬಿಡಿಸುತ್ತಿದ್ದಳು. ಇಷ್ಟೆಲ್ಲ ಯಾರು ಬೇಕಾದರೂ ಮಾಡುತ್ತಾರೆ ಅನ್ನಿ. ಆಯಮ್ಮನಿಗೆ ಹೆಸರು ಬಂದದ್ದು ಸಂಜೆಯ ಕೆಲಸದಿಂದ. ಸೈರನ್‌ಗೆ ಇನ್ನೂ ಹೊತ್ತಿರುವಾಗಲೇ ಬಿಸಿನೀರಿನ ಬಕೆಟ್ ತಂದಿಟ್ಟು, ಒಬ್ಬೊಬ್ಬರನ್ನೇ ಕಾಲಿನ ನಡುವೆ ಸಿಕ್ಕಿಸಿಕೊಂಡು, ಕಿವಿ ಹಿಂದಿನಿಂದ ಮೊದಲು ಮಾಡಿ ಮುಖ ತಿಕ್ಕಿ, ತಲೆ ಬಾಚಿ, ಪೌಡರ್ ಹಾಕಿ, ಕಿಟಕಿ ಪಕ್ಕದ ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಓಣಿಯ ಆ ತುದಿಯಿಂದ ಬರುವಾಗಲೇ ತಾಯಂದಿರಿಗೆ ಆ ಮುಖಗಳು ಕಾಣಬೇಕು. ಇದಕ್ಕೆ ಅವಳು 'ಒಪ್ಪಿಸೋದು' ಅನ್ನುತ್ತಿದ್ದಳು. "ಬೆಳಿಗ್ಗೆ ಹೇಗೆ ಕೊಟ್ರೋ ಅದಕ್ಕಿಂತ ಒಂದು ಕೈ ಮೇಲಾಗೇ ಒಪ್ಪಿಸ್ತೀನಿ, ಬೇಕಾದ್ರೆ ಕೇಳಿ ನೋಡಿ!" ಎಂದು ಹೊಸದಾಗಿ ಬಂದವರೆದುರು ಜಂಬ ಕೊಚ್ಚುತ್ತಿದ್ದಳು.

ಈ ಚಾಳಿ ಎಲ್ಲಿಂದ ಬಂತು ಅಂದರೆ, ಮಕ್ಕಳ ಕೋಣೆಗೆ ಬರುವ ಮುಂಚೆ ಅವಳು ಅದೇ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನಲ್ಲಿ ಸವೆದವಳು. ಹೊಲಿದು ಮುಗಿದ ಶರ್ಟು ಅವಳ ಮುಂದೆ ಬರುತ್ತಿತ್ತು. ಎಲ್ಲೆಲ್ಲಿ ದಾರ ತಲೆ ಎತ್ತಿದೆಯೋ ಅಲ್ಲಿ ಕಿತ್ತು, ಎಲ್ಲೆಲ್ಲಿ ಎಣ್ಣೆ ಕಲೆ ಬಿದ್ದಿದೆಯೋ ಅಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿ, ನುಣ್ಣಗೆ ಮಾಡಿ ಇಸ್ತ್ರಿಗೆ ಸಾಗಿಸಬೇಕು. ವರ್ಷಾನುಗಟ್ಟಲೆ ಇದೇ. ಕಣ್ಣು ಮಂಜಾದ ಮೇಲೆ, ಹಳೆಯ ಆಳು ಅಂತ ಕನಿಕರಪಟ್ಟು ಮಕ್ಕಳ ಕೋಣೆಗೆ ಹಾಕಿದರು. ಕಣ್ಣು ಸೋತರೂ ಬೆರಳು ಆ ಟೇಬಲ್ ಬಿಡಲಿಲ್ಲ. ಯಾರ ಜೊತೆ ಮಾತಾಡುತ್ತಿದ್ದರೂ ಅವರ ತೋಳಿನ ಮೇಲಿನ ನೂಲು ತೆಗೆಯುತ್ತಿದ್ದಳು, ಊಟಕ್ಕೆ ಕೂತರೆ ಚಾಪೆಯ ಎಳೆ ಕೀಳುತ್ತಿದ್ದಳು. "ಸದ್ಯ, ನನ್ನ ಮೀಸೆಗೊಂದು ಕೈ ಹಾಕಿಲ್ಲ ಇವಳು" ಎಂದು ಅವಳ ಗಂಡ ನೆರೆಯವರೆದುರು ನಗಾಡುತ್ತಿದ್ದ.

ಮಕ್ಕಳು ಅಂದಮೇಲೆ ಬೀಳದೆ ಇರುತ್ತವೆಯೇ? ದಿನ ಬೆಳಗಾದರೆ ಒಂದಲ್ಲ ಒಂದು ಮೊಣಕಾಲು ತರಚಿಕೊಂಡಿರುತ್ತಿತ್ತು. ಆಯಮ್ಮ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಮಕ್ಕಳ ಚರ್ಮ ಎಷ್ಟು ಬೇಗ ಕೂಡಿಕೊಳ್ಳುತ್ತದೆ ಅಂತ ಅವಳಿಗೆ ಗೊತ್ತಿತ್ತು. ಇವತ್ತು ರಕ್ತ ಜಿನುಗಿದ್ದು ನಾಳೆ ಗಟ್ಟಿ, ನಾಡಿದ್ದು ಕಪ್ಪು, ಆಮೇಲೆ ಅಂಚು ಎದ್ದು ತುರಿಕೆ. ಇನ್ನೊಂದು ವಾರ ಕಳೆದರೆ ಹಕ್ಕಳೆ ತಾನಾಗೇ ಉದುರಿ ಕೆಳಗೆ ಎಳೆ ಗುಲಾಬಿ ಚರ್ಮ. ತಿಂಗಳಾದ ಮೇಲೆ ಹುಡುಕಿದರೂ ಸಿಗದು. ತುಂಬ ಓಡಾಡುವ ಮಕ್ಕಳ ಮೊಣಕಾಲು ಮಾತ್ರ ಮಡಚಿ ಮಡಚಿ ಮತ್ತೆ ಬಿರಿಯುತ್ತದೆ, ಅದು ಮಾಯಲು ತಡ. ಮೊಣಕಾಲಾದರೆ ಯಾರು ನೋಡುತ್ತಾರೆ, ಚಡ್ಡಿ ಎಳೆದು ಮುಚ್ಚಿದರಾಯಿತು.

ಹೀಗಿರುವಾಗ ಇಸ್ತ್ರಿ ವಿಭಾಗಕ್ಕೆ ಹೊಸದಾಗಿ ಒಬ್ಬಳು ಬಂದಳು. ಎಷ್ಟೇ ಸೆಕೆಯಿದ್ದರೂ ಕತ್ತಿನ ಸ್ಕಾರ್ಫ್ ಬಿಚ್ಚುತ್ತಿರಲಿಲ್ಲ. ಜೊತೆಗೊಬ್ಬಳು ಮಗಳು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿ. ಮೊದಲ ದಿನವೇ ಆಯಮ್ಮ ಅವಳಿಗೆ 'ಬುಗುರಿ' ಅಂತ ಹೆಸರಿಟ್ಟಳು. ಬುಗುರಿಯ ಕೆನ್ನೆ ನೋಡಿದವರಿಗೆ ಹಿಂಡಬೇಕು ಅನ್ನಿಸುತ್ತಿತ್ತು. ಒಂದು ಚುಕ್ಕೆಯಿಲ್ಲ, ಒಂದು ಗೀರಿಲ್ಲ.

ಆ ದಿನ ಇಸ್ತ್ರಿಯವಳು ಉಳಿದವರ ಹಾಗೆ ಓಡಿಹೋಗಲಿಲ್ಲ. ಬಾಗಿಲ ಮರೆಗೆ ಆಯಮ್ಮನನ್ನು ಕರೆದು ಸ್ಕಾರ್ಫ್ ಸರಿಸಿ ತೋರಿಸಿದಳು. ಕಿವಿಯ ಕೆಳಗಿನಿಂದ ಹೆಗಲ ತನಕ ಕೆಂಪಗೆ, ಬೆರಳಿನಷ್ಟು ದಪ್ಪಕ್ಕೆ ಚರ್ಮ ಉಬ್ಬಿ ನಿಂತಿತ್ತು.

"ಸುಟ್ಟಿದ್ದೇನಮ್ಮ?" ಅಂದಳು ಆಯಮ್ಮ.

"ಇಲ್ಲ ಆಯಮ್ಮ. ಇವಳಷ್ಟಿದ್ದಾಗ ಬಾಗಿಲ ಚಿಲಕ ಚೂರು ತರಚಿದ್ದು, ಅಷ್ಟೇ. ಮಾಯ್ತು, ಮಾಯ್ದಮೇಲೆ ಬೆಳೆಯೋಕೆ ಶುರುವಾಯ್ತು. ಸ್ಕೂಲಲ್ಲಿ ಹುಳ ಕೂತಿದೆ ಅಂತಿದ್ರು. ಅಂಗಡಿ ಕೆಲಸಕ್ಕೆ ಹೋದ್ರೆ ಗಿರಾಕಿ ಎದುರು ನಿಲ್ಲಿಸಲ್ಲ ಅಂದ್ರು. ನಮ್ಮಮ್ಮಂಗೂ ಹೀಗೇ ಇತ್ತು. ಇವಳಿಗೆ ಬರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಬೀಳದ ಹಾಗೆ ನೋಡ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ ಬಿಡಮ್ಮ, ಬೀಳದೆ ಬೆಳೆದ ಮಗು ಎಲ್ಲಾದ್ರೂ ಉಂಟಾ? ನಾನಿದ್ದೀನಲ್ಲ, ನಡಿ" ಎಂದು ಆಯಮ್ಮ ಅವಳ ಬೆನ್ನಿಗೂ ಕೈಯಿಟ್ಟು ತಳ್ಳಿದಳು. ಚೊಚ್ಚಲ ಮಗುವಿನ ತಾಯಂದಿರು ಹೇಳುವುದೆಲ್ಲ ಹೀಗೇ. ನೆಗಡಿ ಆದರೂ ಜೀವ ಹೋದಂತೆ ಆಡುತ್ತಾರೆ ಅಂತ ಅವಳ ಲೆಕ್ಕ.

ಬುಗುರಿ ಬಿದ್ದಳು. ಯಾರ ತಪ್ಪೂ ಅಲ್ಲ ಅದು. ಟ್ಯಾಂಕಿನ ಹತ್ತಿರದ ಸಿಮೆಂಟು ಮೆಟ್ಟಿಲ ಮೇಲೆ ಕಣ್ಣಾಮುಚ್ಚಾಲೆ ಆಡುತ್ತಿದ್ದ ಮಕ್ಕಳಲ್ಲಿ ಇವಳ ಕಾಲು ಜಾರಿ, ಎಡಗೆನ್ನೆ ಮೆಟ್ಟಿಲ ಅಂಚಿಗೆ ಉಜ್ಜಿತು. ಮೂಳೆಗೆ ಏಟಿಲ್ಲ, ಆಳದ ಗಾಯವಿಲ್ಲ. ಕೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಅಗಲಕ್ಕೆ ಚರ್ಮ ಕಿತ್ತಿತ್ತು. ಮೊಣಕಾಲಿಗೆ ಆಗಿದ್ದರೆ ಆಯಮ್ಮ ಎರಡನೇ ಸಲ ನೋಡುತ್ತಿರಲಿಲ್ಲ.

ಸಂಜೆ ಇಸ್ತ್ರಿಯವಳ ಮುಖ ನೋಡಲಾಗಲಿಲ್ಲ. ಬೈಯಲಿಲ್ಲ, ಕೂಗಾಡಲಿಲ್ಲ, ಗೋಡೆಗೆ ಒರಗಿ ನಿಂತುಬಿಟ್ಟಳು. ಅದೇ ಆಯಮ್ಮನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. "ನೋಡು ಮಗಳೇ, ಒಂದು ಕಲೆ ಉಳಿಯಲ್ಲ. ನನ್ನ ಕೈಯಲ್ಲಿ ಎಷ್ಟು ಮಕ್ಕಳು ಬಿದ್ದು ಎದ್ದಿಲ್ಲ? ಇದನ್ನ ನನ್ನ ಮೇಲೆ ಬಿಡು" ಅಂದುಬಿಟ್ಟಳು. ಇಸ್ತ್ರಿಯವಳು ತಲೆಯಾಡಿಸಿದಳು. ಪಾಪ, ಬಿಡದೆ ಇನ್ನೇನು ಮಾಡುತ್ತಾಳೆ, ಹಗಲೆಲ್ಲ ಮಗು ಇರುವುದು ಇವಳ ಹತ್ತಿರ.

ಗಾಯ ಗಟ್ಟಿಯಾಯಿತು. ಆ ಗುಂಡುಗೆನ್ನೆಯ ಮೇಲೆ ಹಕ್ಕಳೆ ಕಪ್ಪಗೆ, ಒರಟಾಗಿ ಕೂತಿತು. ಬೆಂಚಿನ ಮೇಲೆ ಸಾಲಾಗಿ ತೊಳೆದಿಟ್ಟ ಮುಖಗಳ ನಡುವೆ ಅದೊಂದೇ ಎದ್ದು ಕಾಣುತ್ತಿತ್ತು. ಕಿಟಕಿ ಹತ್ತಿರ ಬಂದ ಇಸ್ತ್ರಿಯವಳ ಕಣ್ಣು ಮೊದಲು ಅಲ್ಲಿಗೇ ಬೀಳುವುದನ್ನು ಆಯಮ್ಮ ನೋಡಿದಳು. ಅವತ್ತು ಅವಳಿಗೆ ರಾತ್ರಿಯ ಊಟ ಸೇರಲಿಲ್ಲ.

ಮರುದಿನ ಸಂಜೆ ಬುಗುರಿಯ ಮುಖ ತೊಳೆಯುವಾಗ ಹಕ್ಕಳೆಯ ಒಂದು ಅಂಚು ಬಿಸಿನೀರಿಗೆ ಮೆತ್ತಗಾಗಿ ಮೇಲೆದ್ದಿತ್ತು, ಥೇಟ್ ಕಾಲರಿನ ದಾರದ ಹಾಗೆ. ಕೈ ಸುಮ್ಮನಿರಬೇಕಲ್ಲ! ಉಗುರಿನಿಂದ ಹಿಡಿದು ಮೆಲ್ಲಗೆ ಎಳೆದಳು. ಪೂರ್ತಿ ಬಂತು. ಮಗು ಕಿಟಾರನೆ ಕಿರುಚಿತು. "ಶ್ಶ್, ಅಳಬಾರದು. ಅತ್ರೆ ಅಮ್ಮಂಗೆ ಬೇಜಾರಾಗುತ್ತೆ. ಜಾಣೆ ಅಲ್ವಾ ನೀನು?" ಎಂದು ಹತ್ತಿಯಿಂದ ಒತ್ತಿ, ಜಿನುಗಿದ್ದನ್ನು ಒರೆಸಿ, ಸುತ್ತ ಪೌಡರ್ ಹಚ್ಚಿದಳು. ಕಪ್ಪು ಹೋಗಿ ಕೆನ್ನೆ ಗುಲಾಬಿಯಾಗಿ ಕಂಡಿತು. ಇಸ್ತ್ರಿಯವಳು ಬಂದವಳೇ ಮಗುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅವಳ ಮುಖ ಅರಳಿತು. "ಎಷ್ಟು ಬೇಗ ಮಾಯ್ತಲ್ಲ ಆಯಮ್ಮ!" ಅಂದಳು.

ಆ ಮಾತೇ ಮುಳುವಾಯಿತು ನೋಡಿ. ರಾತ್ರಿ ಮನೆಯಲ್ಲಿ ಮತ್ತೆ ಪೊರೆ ಕಟ್ಟುತ್ತಿತ್ತು, ಬೆಳಿಗ್ಗೆ ಕಂದು ಬಣ್ಣದ ಕೆನ್ನೆ ಬರುತ್ತಿತ್ತು, ಸಂಜೆ ಆಯಮ್ಮ ಅದನ್ನು ನೆನೆಸಿ ತೆಗೆಯುತ್ತಿದ್ದಳು. ತಾಯಿ ಕೇಳಿದರೆ, ಬಿಸಿನೀರಿಗೆ ತಾನಾಗೇ ಉದುರಿತು ಅನ್ನುತ್ತಿದ್ದಳು. ರಜೆಯ ಮರುದಿನ ಹಕ್ಕಳೆ ಇನ್ನೂ ದಪ್ಪಗಿರುತ್ತಿತ್ತು; ಅವತ್ತು ಜಾಸ್ತಿ ಹೊತ್ತು ಒದ್ದೆ ಬಟ್ಟೆ ಇಡಬೇಕಾಗುತ್ತಿತ್ತು. ಕೊಳೆ ತೆಗೆದರೆ ಗಾಯಕ್ಕೆ ಗಾಳಿಯಾಡುತ್ತೆ, ಗಾಳಿಯಾಡಿದರೆ ಬೇಗ ಒಣಗುತ್ತೆ ಅಂತ ತನಗೆ ತಾನೇ ಹೇಳಿಕೊಂಡಳು. ಅದು ಕೊಳೆಯಲ್ಲ, ಕೆಳಗೆ ಹುಟ್ಟುತ್ತಿರುವ ಎಳೆ ಚರ್ಮಕ್ಕೆ ಹೊದಿಕೆ ಅಂತ ಅವಳಿಗೆ ಯಾರು ಹೇಳಬೇಕು? ಉಳಿದ ಮಕ್ಕಳ ಮೊಣಕಾಲಿನ ಹಕ್ಕಳೆಯನ್ನು ಅವಳು ಮುಟ್ಟಿದವಳಲ್ಲ, ಅದಕ್ಕೇ ಅವೆಲ್ಲ ಮಾಯ್ದದ್ದು. ಅಷ್ಟು ಕಣ್ಣೆದುರಿಗಿದ್ದದ್ದೂ ಹೊಳೆಯಲಿಲ್ಲ. ಜಂಬ ಅನ್ನೋದು ಮನುಷ್ಯರನ್ನ ಹೀಗೂ ಕುರುಡು ಮಾಡುತ್ತೆ.

ಬುಗುರಿ ಮೊದಮೊದಲು ಓಡಿಹೋಗಿ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಬಕೆಟ್ ಕಂಡೊಡನೆ ತಾನೇ ಬಂದು, ಎರಡೂ ಮುಷ್ಟಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೆನ್ನೆ ಕೊಡುತ್ತಿದ್ದಳು. "ನೋಡ್ರೋ, ಎಷ್ಟು ಜಾಣೆ" ಎಂದು ಆಯಮ್ಮ ಉಳಿದ ಮಕ್ಕಳಿಗೆ ತೋರಿಸಿ ಹೇಳುತ್ತಿದ್ದಳು.

ಅಂತೂ ಒಂದು ದಿನ ಗಾಯ ಮುಚ್ಚಿತು. ಆಯಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಆದರೆ ಮುಚ್ಚಿದ್ದು ಸುಮ್ಮನಿರಲಿಲ್ಲ. ಮೊದಲು ಹೊಳಪಾಯಿತು, ಆಮೇಲೆ ಬಿರುಸಾಯಿತು, ಆಮೇಲೆ ಉಬ್ಬತೊಡಗಿತು. ಮುಖ ತೊಳೆಯುವಾಗ ಬೆರಳಿಗೆ ತಡೆಯುತ್ತಿತ್ತು. ಇವತ್ತು ಇಳಿದೀತು, ನಾಳೆ ಇಳಿದೀತು ಅಂತ ಕಾದರೆ, ಗಾಯವಾಗಿದ್ದ ಜಾಗ ದಾಟಿ ಕಣ್ಣಿನ ಕಡೆಗೆ ಹಬ್ಬಿತು. ಮಗು ಅದನ್ನು ದಿನವಿಡೀ ತುರಿಸಿಕೊಳ್ಳುತ್ತಿತ್ತು. ಪೌಡರ್ ಹಾಕಿದರೆ ಇನ್ನೂ ಎದ್ದು ಕಾಣುತ್ತಿತ್ತು.

ಇಸ್ತ್ರಿಯವಳು ಅರ್ಧ ದಿನ ರಜೆ ಹಾಕಿ ಮಗಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಾಪಸು ಬಂದು ಮಗುವನ್ನು ಒಳಗೆ ಬಿಟ್ಟು, ಆಯಮ್ಮನ ಪಕ್ಕ ನೆಲದ ಮೇಲೆ ಕುಸಿದು ಕೂತಳು.

"ಏನಂದ್ರು?"

"ಪೂರ್ತಿ ಹೋಗಲ್ವಂತೆ. ಇಂಜೆಕ್ಷನ್ ಕೊಟ್ರೆ ಚೂರು ತಗ್ಗಬಹುದು, ಮುಖ ಆದ್ರಿಂದ ಖಾತ್ರಿ ಇಲ್ಲ ಅಂದ್ರು. ಹಕ್ಕಳೆ ಏನಾದ್ರೂ ಕಿತ್ತಿದ್ರಾ ಅಂತ ಕೇಳಿದ್ರು. ಮತ್ತೆ ಮತ್ತೆ ಕಿತ್ರೆ ಒಳಗಿನ ಚರ್ಮ ಗಾಬರಿ ಬಿದ್ದು ಬೇಕಾದ್ದಕ್ಕಿಂತ ಜಾಸ್ತಿ ಬೆಳೆಯುತ್ತಂತೆ. ನಮ್ಮಂಥ ಚರ್ಮದವರು ಅದನ್ನ ಮುಟ್ಟಲೇಬಾರದಂತೆ, ಮುಲಾಮು ಹಚ್ಚಿ ಮುಚ್ಚಿಡಬೇಕಂತೆ. ನಾನಂದೆ, ಇಲ್ಲ ಸಾರ್, ನಮ್ಮ ಆಯಮ್ಮ ದಿನಾ ಎಷ್ಟು ಚೊಕ್ಕವಾಗಿ ನೋಡ್ಕೊಂಡ್ರು ಅಂತ. ಹಾಗಾದ್ರೆ ನಿಮ್ಮಿಂದ ಬಂದಿದ್ದೇ ಇರಬೇಕು ಅಂದ್ರು."

ಆಯಮ್ಮ ತನ್ನ ಸೆರಗಿನ ನೂಲು ಕೀಳತೊಡಗಿದಳು. ಇಸ್ತ್ರಿಯವಳು ಅವಳ ಕೈ ಹಿಡಿದುಕೊಂಡಳು. "ನೀವಿಲ್ದಿದ್ರೆ ಇನ್ನೂ ಏನಾಗ್ತಿತ್ತೋ. ತಪ್ಪೆಲ್ಲ ನನ್ನದೇ ಆಯಮ್ಮ. ನನ್ನ ರಕ್ತವೇ ಸರಿ ಇಲ್ಲ. ಇನ್ನೊಂದು ಮಗು ಆಸೆ ಇತ್ತು ನಂಗೆ. ಬೇಡ ಅಂದುಬಿಟ್ಟೆ ನಮ್ಮನೆಯವರ ಹತ್ರ. ಹೆತ್ತು ಹೆತ್ತು ಇದನ್ನೇ ಹಂಚಲಾ?" ಎಂದು ಸ್ಕಾರ್ಫಿನಿಂದ ಕಣ್ಣೊರೆಸಿಕೊಂಡು ಕೆಲಸಕ್ಕೆ ಎದ್ದು ಹೋದಳು.

ಮನೆಗೆ ಹೋದ ಆಯಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಗಂಡನೆದುರು ಕೂತು ಎಲ್ಲ ಹೇಳಿದಳು. ಅವನು ತಮಾಷೆಯ ಮನುಷ್ಯ, ಅವತ್ತು ನಗಲಿಲ್ಲ.

"ಬಾಯಿ ಮುಚ್ಕೊಂಡಿರು. ನೀನು ಹೇಳಿದ್ರೆ ಮಗು ಕೆನ್ನೆ ನುಣ್ಣಗಾಗುತ್ತಾ?"

"ಅವಳು ತನ್ನ ರಕ್ತಕ್ಕೆ ಶಾಪ ಹಾಕ್ಕೋತಿದಾಳೆ ಕಣ್ರೀ."

"ಹಾಕ್ಕೊಳ್ಲಿ. ರಕ್ತದಲ್ಲಿ ಇರೋದೂ ಸುಳ್ಳಲ್ವಲ್ಲ. ಕೆಲಸ ಹೋದ್ರೆ ಈ ಕಣ್ಣು ಇಟ್ಕೊಂಡು ಇನ್ನೆಲ್ಲಿಗೆ ಹೋಗ್ತೀಯ?"

ಅವನ ಮಾತಲ್ಲೂ ಸತ್ಯ ಇತ್ತು. ಆಯಮ್ಮ ಸುಮ್ಮನಿರಲು ನೋಡಿದಳು. ಆದರೆ ಇಸ್ತ್ರಿಯವಳು ಈಗ ಸಂಜೆ ಬಂದರೆ ಮಗಳನ್ನು ನೇರವಾಗಿ ನೋಡುತ್ತಿರಲಿಲ್ಲ. ಎತ್ತಿಕೊಳ್ಳುವಾಗ ಆ ಕೆನ್ನೆ ಆಚೆ ಬರುವ ಹಾಗೆ ಎತ್ತಿಕೊಳ್ಳುತ್ತಿದ್ದಳು. ಮಗು ತಾಯಿಯ ಮುಖ ತನ್ನ ಕಡೆ ತಿರುಗಿಸಿಕೊಳ್ಳಲು ಗಲ್ಲ ಹಿಡಿದು ಎಳೆಯುತ್ತಿತ್ತು. ಅದನ್ನು ನೋಡಿ ನೋಡಿ ಆಯಮ್ಮನಿಗೆ ಸಾಕಾಯಿತು. ಒಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದಾಗ, ಬಾಗಿಲಿಗೆ ಚಿಲಕ ಹಾಕಿ ಇಸ್ತ್ರಿ ವಿಭಾಗಕ್ಕೆ ನಡೆದಳು.

ಊಟದ ಹೊತ್ತು. ಎಲ್ಲರೂ ಹೊರಗೆ ಹೋಗಿದ್ದರು. ಇಸ್ತ್ರಿಯವಳೊಬ್ಬಳೇ ಹಬೆಯ ನಡುವೆ ಉಳಿದ ಶರ್ಟು ಮುಗಿಸುತ್ತಿದ್ದಳು. ಆಯಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ.

"ಹಕ್ಕಳೆ ನಾನೇ ಕೀಳ್ತಿದ್ದೆ ಕಣಮ್ಮ. ದಿನಾ ಸಂಜೆ. ನೀನು ನೋಡಿದಾಗ ಚೆನ್ನಾಗಿ ಕಾಣ್ಲಿ ಅಂತ. ನಿನ್ನ ರಕ್ತದ್ದೇನೂ ಅಲ್ಲ, ನನ್ನ ಕೈಯದ್ದು."

ಇಸ್ತ್ರಿಯವಳು ತೋಳಿನ ಮಡಿಕೆ ಸರಿ ಮಾಡಿ, ಒತ್ತಿ, ಶರ್ಟನ್ನು ಮೊಳೆಗೆ ತೂಗುಹಾಕಿದಳು. ಇನ್ನೊಂದನ್ನು ತೆಗೆದು ಹಲಗೆಯ ಮೇಲೆ ಹರಡಿದಳು. ಹರಡಿದ್ದನ್ನು ಹಾಗೇ ಬಿಟ್ಟು ಕೇಳಿದಳು:

"ಕಿತ್ತಾಗ ಅಳ್ತಿದ್ಲಾ?"

"ಮೊದಲೆರಡು ಸಲ ಅತ್ಲು. ಆಮೇಲೆ ಇಲ್ಲ."

"ನೋವಾಗ್ತಿರಲಿಲ್ವಾ?"

"ಆಗ್ತಿತ್ತು. ಅತ್ರೆ ಅಮ್ಮಂಗೆ ಬೇಜಾರಾಗುತ್ತೆ ಅಂತ ಹೇಳಿದ್ದೆ."

ಇಸ್ತ್ರಿಯವಳು ಹಲಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಷ್ಟು ಹೊತ್ತು ಆಯಮ್ಮ ಏಟಿಗೆ ಸಿದ್ಧಳಾಗಿ ನಿಂತಿದ್ದಳು, ಏಟು ಬರಲಿಲ್ಲ.

"ಸೂಪರ್‌ವೈಸರ್‌ಗೆ ಹೇಳಮ್ಮ. ನಾನು ಇಲ್ಲ ಅನ್ನಲ್ಲ."

"ಹೇಳಿ? ನಿಮ್ಮನ್ನ ತೆಗೀತಾರೆ, ಕೋಣೆಗೆ ಬೀಗ ಹಾಕ್ತಾರೆ. ನಾಳೆ ಬೆಳಿಗ್ಗೆ ಅವಳನ್ನ ಎಲ್ಲಿ ಬಿಡ್ಲಿ?" ಅವಳು ಹಲಗೆ ಬಿಟ್ಟು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. "ಅವಳ ಮುಖ ಮುಟ್ಟಬೇಡಿ. ಊಟ ಹಾಕಿ, ಮಲಗಿಸಿ, ಏನಾದ್ರೂ ಮಾಡಿ. ಮುಖ ಮಾತ್ರ ಮುಟ್ಟಬೇಡಿ."

ಮರುದಿನದಿಂದ ಹಾಗೇ ನಡೆಯಿತು. ಇಸ್ತ್ರಿಯವಳು ಮಗಳನ್ನು ಆಯಮ್ಮನ ಕೈಗೆ ಕೊಡದೆ ಹೊಸ್ತಿಲ ಮೇಲೆ ಇಳಿಸಿ ಹೋಗುತ್ತಿದ್ದಳು. ಆಯಮ್ಮ ಊಟ ಹಾಕುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಸಂಜೆ ಬಕೆಟ್ ತಂದಾಗ ಬುಗುರಿ ಎಂದಿನಂತೆ ಬಂದು ನಿಂತರೆ, ಅವಳನ್ನು ಬಿಟ್ಟು ಪಕ್ಕದ ಮಗುವನ್ನು ಎಳೆದುಕೊಳ್ಳುತ್ತಿದ್ದಳು. ಬೆಂಚಿನ ಮೇಲೆ ಬುಗುರಿ ಧೂಳು ಮುಖದಲ್ಲೇ ಕೂರುತ್ತಿದ್ದಳು. ತಾಯಿ ಬಂದು ಹೊರಗಿನ ನಲ್ಲಿಯಲ್ಲಿ ತೊಳೆಯುತ್ತಿದ್ದಳು. ಆಯಮ್ಮನ ಬಾಯಿಯೂ ಆಮೇಲೆ ಜೋರಾಗಲಿಲ್ಲ.

ಕೆಲವು ದಿನ ಸುಮ್ಮನಿದ್ದ ಬುಗುರಿ ಒಂದು ಸಂಜೆ ಬಂದು ಅವಳ ಮೊಣಕಾಲಿಗೆ ಒರಗಿದಳು.

"ಆಯಜ್ಜೀ, ನನ್ನ ಮುಖ ಯಾಕೆ ತೊಳೆಯಲ್ಲ?"

"ನಿಮ್ಮಮ್ಮ ತೊಳೀತಾಳಲ್ಲ ಕಂದ."

"ಇದಿದೆ ಅಂತಾನಾ?" ಮಗು ಕೆನ್ನೆಯ ಮೇಲಿನ ಗಂಟನ್ನು ಬೆರಳಿಂದ ಒತ್ತಿ ತೋರಿಸಿತು. "ಅವನು ಗಲೀಜು ಅಂತಾನೆ." ಗೋಡೆ ಪಕ್ಕ ಆಡುತ್ತಿದ್ದ ಹುಡುಗನ ಕಡೆ ಕೈ ಮಾಡಿತು. "ನಿಂಗೂ ಗಲೀಜಾ?"

"ಇಲ್ಲ ಕಂದ, ಖಂಡಿತ ಇಲ್ಲ. ನಿನ್ನ ಕೆನ್ನೆ ಅಲ್ಲ, ಈ ಆಯಜ್ಜಿ ಕೈ ಗಲೀಜು."

ಬುಗುರಿ ಅವಳ ಕೈಯನ್ನು ಹಿಡಿದು ತಿರುವಿ ನೋಡಿದಳು. ಬಕೆಟ್ ಪಕ್ಕದ ಸೋಪು ತಂದು ಅಂಗೈ ಮೇಲಿಟ್ಟಳು. "ತೊಳ್ಕೋ ಮತ್ತೆ" ಅಂದು, ಕಣ್ಣು ಮುಚ್ಚಿ, ಮುಖ ಎತ್ತಿ ನಿಂತಳು. ಸೋಪು ಹಿಡಿದುಕೊಂಡ ಆಯಮ್ಮ ತಲೆ ಎತ್ತಿದರೆ ಇಸ್ತ್ರಿಯವಳು ಬಾಗಿಲಲ್ಲಿ ನಿಂತಿದ್ದಳು, ಯಾವಾಗ ಬಂದಳೋ. ಆಯಮ್ಮ ಸೋಪನ್ನು ಕೆಳಗಿಟ್ಟಳು.

"ಬಾ, ಹೋಗೋಣ" ಅಂದಳು ಇಸ್ತ್ರಿಯವಳು.

"ಇರಮ್ಮ, ಆಯಜ್ಜಿ ಇನ್ನೂ ಕೈ ತೊಳ್ಕೊಂಡಿಲ್ಲ" ಎಂದಿತು ಮಗು, ಕಣ್ಣು ಬಿಡದೆ.